ವೈಫೈ ಡಬ್ಬಿಯ ಜರಿ ಅಂಗಿ

ನಮ್ಮ ಮನೆಯಲ್ಲಿ ಬರಿಮೈಯಲ್ಲಿ ಕೂತ ವಸ್ತು ಅಂತ ಒಂದನ್ನೂ ನಾನು ಚಿಕ್ಕಂದಿನಲ್ಲಿ ನೋಡಿದ ನೆನಪಿಲ್ಲ. ರೇಡಿಯೋಗೆ ಅಂಗಿ, ಮಿಕ್ಸಿಗೆ ಲಂಗ, ಹೊಲಿಗೆ ಮಿಷನ್ನಿಗೆ ಮುಸುಕು. ಬೇಸಿಗೆಯಲ್ಲಿ ನಾನು ಬರೀ ಚಡ್ಡಿಯಲ್ಲಿ ಬೀದಿ ಸುತ್ತುತ್ತಿದ್ದರೆ ರೇಡಿಯೋ ಮಾತ್ರ ಕೆಂಪಂಚಿನ ಅಂಗಿ ತೊಟ್ಟು ಗೂಡಿನಲ್ಲಿ ಗಂಭೀರವಾಗಿ ಕೂತಿರುತ್ತಿತ್ತು. ಆ ಅಂಗಿಗೆ ಮುಂದುಗಡೆ ಒಂದು ಕಿಟಕಿ, ಕಿಟಕಿಗೊಂದು ಬಾಗಿಲು, ಬಾಗಿಲಿಗೊಂದು ಗುಂಡಿ. ಸ್ಟೇಷನ್ ಬದಲಾಯಿಸಬೇಕೆಂದರೆ ಗುಂಡಿ ಬಿಚ್ಚಿ, ಬಾಗಿಲು ಎತ್ತಿ, ಮುಳ್ಳು ತಿರುಗಿಸಿ, ಮತ್ತೆ ಗುಂಡಿ ಹಾಕಬೇಕು. ಅಷ್ಟರಲ್ಲಿ ವಾರ್ತೆ ಮುಗಿದಿರುತ್ತಿತ್ತು. ಬಂದ ನೆಂಟರೆಲ್ಲ ನಗುತ್ತಿದ್ದರು. ಅವರಿಗೇನು, ಅವರ ಮನೆಯಲ್ಲಿ ಮಗ್ಗ ಇರಲಿಲ್ಲ.

ನಮ್ಮದು ದೊಡ್ಡಬಳ್ಳಾಪುರ. ಮುಂದಿನ ಕೋಣೆಯಲ್ಲಿ ಅಪ್ಪನ ಎರಡು ಪವರ್‌ಲೂಮು, ಹಿಂದೆ ನಮ್ಮ ಸಂಸಾರ. ಬೆಳಗ್ಗೆ ಗುಡಿಸಿದ ನೆಲದ ಮೇಲೆ ಮಧ್ಯಾಹ್ನಕ್ಕೆಲ್ಲ ನೂಲಿನ ಧೂಳು ಬೆಕ್ಕಿನ ತುಪ್ಪಳದ ಹಾಗೆ ಮೆತ್ತಗೆ ಕೂತಿರುತ್ತಿತ್ತು. ಪಾತ್ರೆ ತೆರೆದಿಟ್ಟರೆ ಅನ್ನದಲ್ಲಿ ಬಣ್ಣದ ಎಳೆ. ಇವತ್ತು ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆ ಎನ್ನುವುದನ್ನು ನಾನು ಮಜ್ಜಿಗೆ ನೋಡಿಯೇ ಹೇಳಿಬಿಡುತ್ತಿದ್ದೆ. ಹೀಗಾಗಿ ಅಮ್ಮನಿಗೆ ಯಾವ ವಸ್ತುವನ್ನು ಕಂಡರೂ ಮೊದಲು ಬರುವ ಯೋಚನೆ ಒಂದೇ, ಇದಕ್ಕೇನು ಹೊದಿಸಲಿ ಅಂತ. ಅಪ್ಪ ತೀರಿಕೊಂಡು, ಮಗ್ಗಗಳನ್ನು ಕೊಟ್ಟು, ಆ ಮುಂದಿನ ಕೋಣೆ ಹಾಲ್ ಆಗಿ ಎಷ್ಟೋ ಕಾಲವಾಯಿತು. ಆದರೆ ಗೋಡೆಯಾಚೆ ಪಕ್ಕದವರ ಮಗ್ಗ ಇನ್ನೂ ಓಡುತ್ತಿದೆ, ಧೂಳು ಇನ್ನೂ ಬರುತ್ತಿದೆ. ಅಮ್ಮನೂ ಹೊಲಿಯುವುದನ್ನು ಬಿಟ್ಟಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈಗ ನನ್ನ ಹೆಂಡತಿಯ ಮೇಜಿನ ಮೇಲೆ ಒಂದು ಪುಟ್ಟ ಅಂಗಿ ಮಡಿಸಿಟ್ಟಿದೆ. ಬಂಗಾರದ ಬಣ್ಣದ್ದು. ಇಂಟರ್‌ನೆಟ್ಟಿನ ವೈಫೈ ಡಬ್ಬಿಗೆಂದು ಅಮ್ಮ ಗಣೇಶನ ಹಬ್ಬದ ಸುಮಾರಿಗೆ ಹೊಲಿದದ್ದು. ಡಬ್ಬಿಗೆ ಎರಡು ಕಡ್ಡಿ, ಆದ್ದರಿಂದ ಅಂಗಿಗೆ ಎರಡು ತೋಳು. ಗಟ್ಟಿಯಾಗಿರಲಿ ಎಂದು ಎರಡು ಪದರ. ಮಿಣಮಿಣ ಎನ್ನುವ ದೀಪಗಳಿಗೆ ಮಾತ್ರ ಮುಂದೆ ಒಂದು ಸಣ್ಣ ಕಿಂಡಿ. ಹೊಸ ಅಂಗಿ ತೊಟ್ಟ ಡಬ್ಬಿ ಹಾಲ್‌ನ ಗೂಡಿನಲ್ಲಿ ಎರಡೂ ಕೈ ಮೇಲೆತ್ತಿ ನಿಂತ ಪುಟಾಣಿ ಪಾಳೇಗಾರನ ಹಾಗೆ ಕಾಣುತ್ತಿತ್ತು. ನಾವೆಲ್ಲ ಮೆಚ್ಚಿಕೊಂಡೆವು. ಈಗ ಅದನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಆ ಸೋಮವಾರ ಮಾತ್ರ ಅಳುವುದೊಂದು ಬಾಕಿ ಇತ್ತು.

ನನ್ನ ಹೆಂಡತಿ ಸುಜಾತ ಬೂದಿಗೆರೆ ಕಡೆಯವಳು. ರಾಗಿ ಹೊಲ, ದ್ರಾಕ್ಷಿ ಚಪ್ಪರ ನೋಡಿ ಬೆಳೆದವಳಿಗೆ ಮದುವೆಯಾಗಿ ಬಂದಾಗ ಉದ್ದೆಳೆಯ ಹಾಸು ಯಾವುದು, ಅಡ್ಡೆಳೆಯ ಹೊಕ್ಕು ಯಾವುದು ಗೊತ್ತಿರಲಿಲ್ಲ. ಕಲಿಸಿದವಳು ಅಮ್ಮ. ಮಗ್ಗದಿಂದ ಇಳಿದ ಸೀರೆಗಳನ್ನು ಅತ್ತೆ ಸೊಸೆ ಎದುರುಬದುರು ನಿಂತು ಮಡಿಸುತ್ತಿದ್ದರು. ಮಡಿಸುತ್ತ ಮಡಿಸುತ್ತ ಸುಜಾತ ಎಂಥ ಪರಿಣತೆಯಾದಳೆಂದರೆ, ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಸೀರೆಯನ್ನು ಮೊದಲು ಇವಳ ಕೈಗೆ ಕೊಟ್ಟು, ಇವಳು ತಲೆ ಆಡಿಸಿದ ಮೇಲೆಯೇ ರವಿಕೆ ಹೊಲಿಸಲು ಕೊಡುತ್ತಾರೆ. ಇಂಥವಳು ಒಂದು ದಿನ ನಮ್ಮ ಕಣ್ತಪ್ಪಿಸಿ ಕೆಲಸಕ್ಕೆ ಅರ್ಜಿ ಹಾಕಿಬಿಟ್ಟಿದ್ದಳು. ಬೆಂಗಳೂರಿನ ಯಾವುದೋ ಇಂಟರ್‌ನೆಟ್ ಸೀರೆ ಅಂಗಡಿಯವರು, ಮನೆಯಲ್ಲೇ ಕೂತು ಸೀರೆಗಳ ವಿವರವನ್ನು ಕನ್ನಡದಲ್ಲಿ ಬರೆಯುವ, ಕೊಳ್ಳುವವರ ಜೊತೆ ವಿಡಿಯೋದಲ್ಲಿ ಮಾತಾಡುವ ಹೆಂಗಸರು ಬೇಕು ಎಂದು ಕೇಳಿದ್ದರಂತೆ. ಹುಟ್ಟಿದ ಮೇಲೆ ಇವಳು ಹಾಕಿದ ಮೊದಲ ಅರ್ಜಿ ಅದು. ಸೋಮವಾರ ಬೆಳಗ್ಗೆ ಇಂಟರ್ವ್ಯೂ. ಅದೂ ವಿಡಿಯೋದಲ್ಲೇ. ಮೊಬೈಲ್ ನಡೆಯದು, ಕಂಪ್ಯೂಟರ್ ಮುಂದೆ ಕೂರಬೇಕು, ಅವರೆದುರೇ ಟೈಪ್ ಮಾಡಿ ತೋರಿಸಬೇಕು.

“ಅವ್ರು ನನ್ನ ಮಾತು ಕೇಳಿ ಬೇಡ ಅಂದ್ರೆ ಬೇಡ ಬಿಡ್ರೀ. ಬೇಜಾರಿಲ್ಲ,” ಎಂದಳು ಸುಜಾತ. “ನೆಟ್ ಹೋಗಿ, ಬಾಯೇ ಬಿಡದೆ ತಪ್ಪಿಹೋಯ್ತು ಅಂತ ಮಾತ್ರ ಆಗ್ಬಾರ್ದು.”

ಅವಳು ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಕೇಳಿದ್ದು ಇದೊಂದೇ. ನಾನು ಗತ್ತಿನಿಂದ, “ಅದು ನನಗೆ ಬಿಡು,” ಎಂದೆ.

ಈ ಗತ್ತಿಗೆ ಕಾರಣವಿದೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಶಾಲೆಗಳಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ನನ್ನನ್ನು ತರಬೇತಿಗೆ ಕಳಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ತಣ್ಣನೆಯ ಕೋಣೆಗೆ ಹೋಗಿ ಕೈಕಟ್ಟಿ ಕೂತು, ಯಾವುದನ್ನು ಮುಟ್ಟಬಾರದು ಎನ್ನುವುದನ್ನು ಚೆನ್ನಾಗಿ ಕಲಿತು ಬಂದೆ. ಅದೇ ಹುರುಪಿನಲ್ಲಿ ಮನೆಗೊಂದು ಕಂಪ್ಯೂಟರನ್ನೂ ತಂದೆ. ಆಟೋದಲ್ಲಿ ಅದರ ಪರದೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರೆ ಅಮ್ಮ ಬಾಗಿಲಲ್ಲೇ ಆರತಿ ಎತ್ತಿ, ಕುಂಕುಮ ಇಟ್ಟು, ಕಾಯಿ ಒಡೆದಳು. ಕಾಯಿ ನೀರನ್ನು ಅದರ ಮೇಲೆ ಪ್ರೋಕ್ಷಣೆ ಮಾಡಲು ಹೊರಟವಳನ್ನು ಹಾರಿ ತಡೆದೆನಲ್ಲ, ಆ ತರಬೇತಿಯಿಂದ ನನಗಾದ ದೊಡ್ಡ ಪ್ರಯೋಜನ ಅದೇ. ಆ ಕುಂಕುಮದ ಗುರುತು ಇವತ್ತಿಗೂ ಇದೆ. ಅಮ್ಮ ಆ ವಾರವೇ ಪರದೆಗೊಂದು, ಪೆಟ್ಟಿಗೆಗೊಂದು, ಕೀಲಿಮಣೆಗೊಂದು ಅಂಗಿ ಹೊಲಿದಳು. ಮೂರಕ್ಕೂ ಒಂದೇ ಬಟ್ಟೆ, ಒಂದೇ ಮನೆಯ ಅಣ್ಣತಮ್ಮಂದಿರ ಹಬ್ಬದ ಅಂಗಿಯ ಹಾಗೆ.

ಈಗ ಆ ಕಂಪ್ಯೂಟರಿಗೆ ವಯಸ್ಸಾಗಿದೆ. ಸ್ವಿಚ್ ಹಾಕಿ ಹೋಗಿ, ಸ್ನಾನ ಮುಗಿಸಿ, ತಿಂಡಿ ತಿಂದು ಬಂದರೆ ಆಗಷ್ಟೇ ಕಣ್ಣು ಬಿಟ್ಟಿರುತ್ತದೆ. ಅದರ ಫ್ಯಾನಿನ ಸದ್ದು ಕೇಳಿದವರು ನಮ್ಮ ಮನೆಯಲ್ಲಿ ಮತ್ತೆ ಮಗ್ಗ ಹಾಕಿದರೆಂದು ತಿಳಿಯಬೇಕು. ಕ್ಯಾಮೆರಾ ಬೇರೆ ಇಲ್ಲ.

ಎರಡನೆಯದು ಲ್ಯಾಪ್‌ಟಾಪು. ಮದುವೆಯಾಗಿ ತುಮಕೂರು ಸೇರಿದ ಮಗಳು ಪಲ್ಲವಿ ಕಾಲೇಜಿನಲ್ಲಿ ಬಳಸಿ ಬಿಟ್ಟುಹೋದದ್ದು. ಅದಕ್ಕೆ ಬ್ಯಾಟರಿಯಲ್ಲಿ ಜೀವವಿಲ್ಲ. ವೈರು ಒಂದಿಷ್ಟು ಅಲುಗಿದರೂ ಕಣ್ಣು ಮುಚ್ಚುತ್ತದೆ. ಕೀಲು ಸಡಿಲವಾಗಿ ಪರದೆ ಹಿಂದಕ್ಕೆ ಬೀಳುವುದರಿಂದ ಬೆನ್ನಿಗೆ ರಾಗಿ ಹಿಟ್ಟಿನ ಡಬ್ಬ ಒರಗಿಸಬೇಕು.

“ನಿಮ್ಮದು ಎದ್ದು ಕೂರೋ ಹೊತ್ತಿಗೆ ಅವ್ರು ಬೇರೆಯವ್ರನ್ನ ತಗೊಂಡು ಊಟಕ್ಕೆ ಹೋಗಿರ್ತಾರೆ,” ಎಂದಳು ಸುಜಾತ.

“ನಿಂದು ಸೀನಿದ್ರೆ ಆಫ್ ಆಗತ್ತೆ,” ಎಂದೆ ನಾನು.

ಶನಿವಾರ ಮಧ್ಯಾಹ್ನ ಪರೀಕ್ಷೆ ನಡೆಸಿದೆವು. ಹಾಲ್‌ನಲ್ಲಿ ಕೂತರೆ ಪಕ್ಕದ ಮಗ್ಗದ ಸದ್ದಿಗೆ ಮಾತು ಕೇಳದು, ಹಾಗಾಗಿ ಒಳಗಿನ ರೂಮಿನಲ್ಲಿ ಕೂತು ಮಗಳಿಗೆ ವಿಡಿಯೋ ಹಚ್ಚಿದೆವು. ಲ್ಯಾಪ್‌ಟಾಪಿನಲ್ಲಿ ಮಗಳು, “ಅಮ್ಮಾ, ಚೆನ್ನಾಗ್...” ಎಂದವಳು ಬಾಯಿ ತೆರೆದಂತೆಯೇ ನಿಂತುಹೋದಳು. ನನಗೆ ಒಳಗೊಳಗೇ ಖುಷಿ. ನೋಡಿದೆಯಾ ಎನ್ನುತ್ತಾ ಗೆಳೆಯನಿಂದ ಕ್ಯಾಮೆರಾ ತರಿಸಿ ನನ್ನದಕ್ಕೆ ಸಿಕ್ಕಿಸಿದೆ. ಅದು ಎದ್ದಿತು, ಮಗಳು ಕಂಡಳು, “ಅಪ್ಪಾ...” ಎಂದಳು, ಅರ್ಧ ಕಣ್ಣು ಮುಚ್ಚಿದಂತೆಯೇ ಅಲ್ಲಾಡದೆ ನಿಂತಳು. ಎರಡೂ ಒಂದೇ ರೀತಿ ಕೈಕೊಟ್ಟ ಮೇಲೆ ತಪ್ಪು ಇವೆರಡರದ್ದಲ್ಲ ಎಂದು ಯಾರಿಗಾದರೂ ಹೊಳೆಯಬೇಕು. ನಾವಿಬ್ಬರೂ ಸಂಜೆಯವರೆಗೆ ಒಬ್ಬರ ಕಂಪ್ಯೂಟರನ್ನು ಇನ್ನೊಬ್ಬರು ಬೈದುಕೊಂಡೆವು.

ಡಬ್ಬಿಯಿಂದ ತಂತಿ ಎಳೆದು ನೇರವಾಗಿ ಸಿಕ್ಕಿಸಬಹುದಿತ್ತಲ್ಲ ಅಂತೀರಿ. ನಾನೂ ಅಂದೆ. ನನ್ನ ಕಂಪ್ಯೂಟರಿನ ಹಿಂದೆ ಆ ತಂತಿಗೆಂದು ಬಿಟ್ಟ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿಕೊಂಡಿದೆ. ಲ್ಯಾಪ್‌ಟಾಪಿನ ತೂತಿನೊಳಗೆ ಮಗಳು ಯಾವ ಕಾಲದಲ್ಲೋ ಪೆನ್ಸಿಲ್ ಮೊನೆ ಮುರಿದಿದ್ದಾಳೆ. ಮೊಬೈಲ್‌ನಿಂದ ನೆಟ್ ಕೊಡೋಣವೆಂದರೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಮಹಡಿ ಮೆಟ್ಟಿಲ ಮೇಲೆ ಮಾತ್ರ.

ಕೊನೆಗೆ ಕ್ಯಾಮೆರಾ ಕೊಟ್ಟ ಗೆಳೆಯನನ್ನೇ ಕರೆಸಿದೆ. ಇಮ್ತಿಯಾಜ್ ನನ್ನ ಜೊತೆ ಓದಿದವನು. ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಬಂದ, ಹಾಲ್‌ನಲ್ಲಿ ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದ, ಅಮ್ಮ ಕೊಟ್ಟ ಟೀ ಕುಡಿದ. ನೋಡುತ್ತೇನೆ, ಒಳಗಿನ ರೂಮಿನಲ್ಲಿ ಮಗಳು ಲಕಲಕ ಹೊಳೆಯುತ್ತಾ ಮಾತಾಡುತ್ತಿದ್ದಾಳೆ! ಅವನು ಹೋದ. ಸ್ವಲ್ಪ ಹೊತ್ತಿಗೆ ನೆಟ್ಟೂ ಹೋಯಿತು. ಭಾನುವಾರ ಮತ್ತೆ ಕರೆಸಿದೆ. ಬಂದ, ಆಫ್ ಮಾಡಿ ಆನ್ ಮಾಡಿದ, ಟೀ ಕುಡಿದ, ಎಲ್ಲ ಸರಿಯಾಯಿತು. ಹೋದ, ಎಲ್ಲ ಹೋಯಿತು.

“ಅವನ ಕೈಗುಣ ಕಣೋ ಮಂಜಾ ಅದು,” ಎಂದಳು ಅಮ್ಮ. “ಅವರಪ್ಪನದೂ ಹಾಗೇ. ಮಗ್ಗ ನಿಂತ್ರೆ ಅವ್ರು ಬಂದು ಮುಟ್ಟಿದ್ರೆ ಸಾಕು, ಓಡೋದು.”

ನನಗೂ ಹಾಗೇ ಅನ್ನಿಸಿತು. ನಗಬೇಡಿ. ಹೆಂಡತಿಯ ಮುಖ ಸಣ್ಣದಾಗಿರುವಾಗ ಮನುಷ್ಯ ಏನನ್ನು ಬೇಕಾದರೂ ನಂಬುತ್ತಾನೆ. ಇಮ್ತಿಯಾಜನನ್ನು ಪಕ್ಕಕ್ಕೆ ಕರೆದು, ಸೋಮವಾರ ಇಂಟರ್ವ್ಯೂ ಮುಗಿಯುವವರೆಗೆ ನಮ್ಮ ಹಾಲ್‌ನಲ್ಲಿ ಸುಮ್ಮನೆ ಕೂತಿರು ಎಂದು ಕೇಳಿಕೊಂಡೆ.

“ಅರೆ, ಸೋಮವಾರ ಆಗಲ್ಲ ಗುರು. ತಂಗಿ ಮಗಳನ್ನ ನೋಡೋಕೆ ಬರ್ತಾರೆ, ಹೊಸಕೋಟೆಗೆ ಹೋಗ್ಲೇಬೇಕು. ನಾನಿಲ್ದಿದ್ರೆ ನಮ್ಮ ತಂಗಿ ಸುಮ್ನೆ ಬಿಡ್ತಾಳಾ?”

ಕಂಪ್ಯೂಟರ್ ಯಾವುದೆಂದು ತೀರ್ಮಾನ ಮಾಡಿದವಳು ಅಮ್ಮ. ಭಾನುವಾರ ಎರಡರ ಮುಂದೆಯೂ ಸೊಸೆಯನ್ನು ಕೂರಿಸಿ, ದೂರ ನಿಂತು, ತಲೆ ಓರೆ ಮಾಡಿ ನೋಡಿದಳು. “ಮಂಜನ ಕಂಪ್ಯೂಟರಲ್ಲಿ ಮೂಗೇ ಕಾಣತ್ತೆ. ಇದ್ರಲ್ಲಿ ಮುಖ ಲಕ್ಷಣವಾಗಿದೆ,” ಎಂದು ಲ್ಯಾಪ್‌ಟಾಪಿಗೆ ಒಪ್ಪಿಗೆ ಕೊಟ್ಟಳು. ಅದಕ್ಕೆ ಮೇಲ್ಮನವಿ ಇರಲಿಲ್ಲ. ನನ್ನ ಕಂಪ್ಯೂಟರು ಮತ್ತೆ ಅಂಗಿ ತೊಟ್ಟು ಮೂಲೆ ಸೇರಿತು.

ಸೋಮವಾರ ನಾನು ರಜೆ ಹಾಕಿದ್ದೆ. ಬೆಳಗ್ಗೆ ಎದ್ದು ಹೆದರುತ್ತಾ ನೋಡಿದರೆ, ದೇವರೇ, ಒಳಗಿನ ರೂಮಿನಲ್ಲಿ ನೆಟ್ ಭರ್ತಿ ಬರುತ್ತಿದೆ. ಮಗಳು ಬೇಕಾದಷ್ಟು ಮಾತಾಡಿದಳು, ಒಂದು ಸಲವೂ ನಿಲ್ಲಲಿಲ್ಲ. ಇಮ್ತಿಯಾಜನ ಕೈಗುಣ ರಾತ್ರಿಯೆಲ್ಲ ಕೆಲಸ ಮಾಡಿದೆ ಎಂದುಕೊಂಡೆ. ಅಮ್ಮ ಬೆಳಗಿನಿಂದ ಸಡಗರದಲ್ಲಿದ್ದಳು. ಸೊಸೆಗೆ ಒಳ್ಳೆಯ ದಿನ, ಮನೆಯಲ್ಲಿ ಯಾವುದೂ ಮಾಸಲಾಗಿರಬಾರದು ಎಂದು ಎಲ್ಲ ಅಂಗಿಗಳನ್ನೂ ಬಿಚ್ಚಿ ಒದರಿ ಬಿಸಿಲಿಗೆ ಹಾಕಿದ್ದಳು. ಹತ್ತು ಗಂಟೆ ಹತ್ತಿರವಾಗುತ್ತಿದ್ದಂತೆ ಎಲ್ಲವನ್ನೂ ತಂದು ಅದರದರ ಮೈಗೆ ತೊಡಿಸಿದಳು. ಡಬ್ಬಿಯ ತಲೆಗೆ ಒಂದು ಸೇವಂತಿಗೆಯನ್ನೂ ಸಿಕ್ಕಿಸಿದಳು.

ಸುಜಾತ ಹಸಿರು ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ತೆರೆಯ ಮೇಲೆ ಒಬ್ಬ ಹೆಂಗಸು ಕಂಡರು, ಕನ್ನಡಕ, ನಗುಮುಖ. “ನಮಸ್ಕಾರ ಸುಜಾತ ಅವರೇ, ಮೊದಲಿಗೆ ನಿಮ್ಮ ಬಗ್ಗೆ...” ಎಂದವರು ಕೈ ಎತ್ತಿದಂತೆಯೇ ಕಲ್ಲಾದರು.

“ಹಲೋ? ಮೇಡಂ? ಹಲೋ?” ಎಂದಳು ಸುಜಾತ. ಮೂರನೆಯ ಸಲಕ್ಕೆ ಅವಳ ದನಿ ಇಳಿಯಿತು. ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮ್ಮನೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಆ ನಿಂತ ಮುಖವನ್ನೇ ನೋಡುತ್ತಾ ಕೂತಳು.

ನಾನು ಮಹಡಿ ಮೆಟ್ಟಿಲಿಗೆ ಓಡಿ ಇಮ್ತಿಯಾಜನಿಗೆ ಫೋನ್ ಹಚ್ಚಿದೆ. ಬೀಗರ ನಡುವೆ ಕೂತಿದ್ದ ಅಂತ ಕಾಣುತ್ತದೆ, ಪಿಸುಗುಟ್ಟಿದ.

“ನೀನು ಬಂದಾಗ ಏನೇನ್ ಮಾಡ್ತೀಯ, ಮೊದ್ಲಿಂದ ಹೇಳೋ,” ಎಂದೆ.

“ಏನಿಲ್ಲ ಕಣೋ. ಬರ್ತೀನಿ. ಅಮ್ಮ ಡಬ್ಬಿ ಅಂಗಿ ಬಿಚ್ತಾರೆ. ಆಫ್ ಮಾಡಿ ಆನ್ ಮಾಡ್ತೀನಿ. ಟೀ ಕುಡೀತೀನಿ.”

“ಆಮೇಲೆ?”

“ಆಮೇಲೇನು, ಹೋಗ್ತೀನಿ. ಅಮ್ಮ ಅಂಗಿ ತೊಡಿಸ್ತಾರೆ.”

“ಅಂಗಿ ತೊಡಿಸ್ತಾರೆ,” ಎಂದು ತನ್ನ ಮಾತನ್ನೇ ಇನ್ನೊಮ್ಮೆ ಗೊಣಗಿಕೊಂಡ. ಆಮೇಲೆ ಅವನು, “ಯಾ ಅಲ್ಲಾ! ಮಂಜಾ, ಅದು ಜರಿ ಕಣೋ! ಜರಿ ಅಂದ್ರೆ ತಂತಿ!” ಎಂದು ಕಿರುಚಿದ್ದು ಹೊಸಕೋಟೆಯ ಬೀಗರಿಗೆಲ್ಲ ಕೇಳಿಸಿರಬೇಕು. ಜರಿಯ ಊರಿನಲ್ಲಿ ಹುಟ್ಟಿ ಬೆಳೆದ ಇಬ್ಬರಿಗೆ ಜರಿಯೊಳಗೆ ಲೋಹದ ಎಳೆ ಇರುತ್ತದೆ ಎನ್ನುವುದು ಆಗ ನೆನಪಾಯಿತು. ಪಾಪ, ಆ ಡಬ್ಬಿಯ ಎರಡೂ ಕೈಗೆ ನಾವು ಲೋಹದ ತೋಳು ತೊಡಿಸಿ ಸಿಗ್ನಲ್ಲನ್ನು ಒಳಗೇ ಕಟ್ಟಿಹಾಕಿದ್ದೆವು. ಪಕ್ಕದಲ್ಲೇ ಕೂತು ಮೊಬೈಲ್ ನೋಡುವವರಿಗೆ ಅಷ್ಟಿಷ್ಟು ಸಿಗುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಹೋದವನೇ ಅಂಗಿಯನ್ನು ಎಳೆದು ಕಿತ್ತೆ. ಸೇವಂತಿಗೆ ಹಾರಿ ಎಲ್ಲೋ ಬಿತ್ತು. “ಲೋ, ಹರಿಯತ್ತೆ ಕಣೋ! ಏನ್ ಬಂತೋ ನಿಂಗೆ!” ಎಂದು ಅಮ್ಮ ಅಡುಗೆಮನೆಯಿಂದ ಕೂಗಿಕೊಂಡು ಬಂದಳು. ಅಷ್ಟರಲ್ಲಿ ಒಳಗಿನ ರೂಮಿನಿಂದ ದನಿ ಬಂತು. “ಹಾಂ, ಈಗ ಕಾಣ್ತಿದೀರ ನೋಡಿ ಸುಜಾತ ಅವರೇ.” ನನಗೆ ಹೋದ ಜೀವ ಬಂದಂತಾಯಿತು.

ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋಗಿ, ತೆರೆಯಲ್ಲಿ ಕಾಣಿಸದ ಹಾಗೆ ಬಾಗಿಲ ಪಕ್ಕ ನಿಂತೆ. ಏದುಸಿರು ಕೇಳಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆ. ಆ ಹೆಂಗಸು ಅದೂ ಇದೂ ಕೇಳಿದರು, ಟೈಪ್ ಮಾಡಿಸಿದರು. ಆಮೇಲೆ, “ನಿಮ್ಮ ಹತ್ತಿರ ಇರೋ ಯಾವುದಾದ್ರೂ ಬಟ್ಟೆ ತಗೊಂಡು, ಅದನ್ನ ಮುಟ್ಟೋಕೆ ಆಗದೇ ಇರೋರಿಗೆ ಮುಟ್ಟಿದ ಹಾಗೆ ಆಗಬೇಕು, ಹಾಗೆ ಹೇಳಿ,” ಎಂದರು. ಸುಜಾತ ಇದಕ್ಕೆಂದೇ ಮೂರು ಒಳ್ಳೆಯ ಸೀರೆ ತೆಗೆದಿಟ್ಟಿದ್ದಳು. ಅವು ಹಾಲ್‌ನ ಕುರ್ಚಿಯ ಮೇಲೇ ಉಳಿದಿದ್ದವು. ಅವಳು ಸುತ್ತ ನೋಡಿದಳು. ನನ್ನತ್ತ ಕೈ ಚಾಚಿದಳು. ನೀರು ಕೇಳುತ್ತಿದ್ದಾಳೆಂದು ನಾನು ತಿರುಗಿದರೆ, ನನ್ನ ಮುಷ್ಟಿಯಿಂದ ಅಂಗಿಯನ್ನು ಬಿಡಿಸಿಕೊಂಡಳು.

“ಇದು ಟಿಶ್ಯೂ ಸೀರೆ ಮೇಡಂ,” ಎಂದು ಶುರು ಮಾಡಿದಳು. “ಹಾಸು ರೇಷ್ಮೆ, ಹೊಕ್ಕು ಪೂರ್ತಿ ಜರಿ. ಹಿಡಿದ್ರೆ ಒಣಗಿದ ಎಲೆ ಥರ ಸರಸರ ಅನ್ನತ್ತೆ. ಬಿಸಿಲಿಗೆ ಹಿಡಿದ್ರೆ ಬೆಂಕಿ ಬಣ್ಣ, ನೆರಳಿಗೆ ಬಂದ್ರೆ ಗೋಧಿ ಬಣ್ಣ. ಮೈಮೇಲೆ ಮೊದ್ಲು ತಣ್ಣಗಿರತ್ತೆ, ಆಮೇಲೆ ಬೆಚ್ಚಗಾಗತ್ತೆ. ಒಂದೇ ಮಡಿಕೆಯಲ್ಲಿ ಬಹಳ ದಿನ ಇಡ್ಬಾರ್ದು, ಮಡಿಕೇಲೇ ಸೀಳತ್ತೆ. ಇದೂ ಹಾಗೇ ಸೀಳಿದ್ದು.” ಅಂಗಿಯ ತೋಳನ್ನು ಬೆರಳಿನಿಂದ ಸವರಿದಳು. “ನಮ್ಮ ಮಾವ ಮಗ್ಗದಿಂದ ಇಳಿಸಿದ ಮೊದಲನೇ ಟಿಶ್ಯೂ ಸೀರೆ ಮೇಡಂ ಇದು. ಮಾರಲ್ಲ ಅಂತ ನಮ್ಮತ್ತೆಗೇ ಕೊಟ್ರಂತೆ. ಅವ್ರು ಒಂದೇ ಸಲ ಉಟ್ಟು ಎತ್ತಿಟ್ರು. ಸೀಳಿದ ಮೇಲೆ ಬಿಸಾಡೋಕೆ ಮನಸ್ಸಾಗ್ಲಿಲ್ಲ. ಮನೆಗೆ ಯಾವ ಒಳ್ಳೆ ವಸ್ತು ಬಂದ್ರೂ ಇದ್ರಲ್ಲಿ ಒಂದು ತುಂಡು ಕತ್ತರಿಸಿ ಹೊಲೀತಾರೆ. ಇದು ಕೊನೇ ತುಂಡು.”

ನನಗೆ ಇದು ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಹೇಳದ ಮಾತನ್ನು ಅಮ್ಮ ಸೀರೆ ಮಡಿಸುತ್ತಾ ಸೊಸೆಗೆ ಹೇಳಿದ್ದಳು. ಹಿಂತಿರುಗಿ ನೋಡಿದರೆ ಅಮ್ಮ ನನ್ನ ಬೆನ್ನ ಹಿಂದೆಯೇ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಾಳೆ. ತೆರೆಯ ಮೇಲಿನ ಹೆಂಗಸು ಮಾತಿಲ್ಲದೆ ಅಲ್ಲಾಡದೆ ಕೂತಿದ್ದರು. ಮತ್ತೆ ನೆಟ್ ಹೋಯಿತೆಂದು ನಾನು ಡಬ್ಬಿಯತ್ತ ತಿರುಗಿದೆ, ಸುಜಾತ “ಹಲೋ?” ಎಂದಳು.

“ಇಲ್ಲ ಇಲ್ಲ, ಕೇಳ್ತಿದೀನಿ,” ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹೇಳಿ.”

ಕೆಲಸ ಸಿಕ್ಕಿದ ಸುದ್ದಿ ಆ ವಾರವೇ ಬಂತು. ಸುಜಾತ ಕುಣಿಯಲಿಲ್ಲ, ಕೂಗಲಿಲ್ಲ. ಒಂದು ಉದ್ದನೆಯ ಉಸಿರು ಬಿಟ್ಟು, ನನ್ನ ತಟ್ಟೆಗೆ ಎರಡು ಹೋಳಿಗೆ ಜಾಸ್ತಿ ಹಾಕಿದಳು. ಇಮ್ತಿಯಾಜನಿಗೂ ಒಂದು ಡಬ್ಬ ತುಂಬ ಹೋಳಿಗೆ ಹೋಯಿತು. ಅವನ ತಂಗಿ ಮಗಳೂ ಒಪ್ಪಿಗೆಯಾದಳಂತೆ. ಅಂತೂ ಆ ಸೋಮವಾರ ಎರಡು ಊರಲ್ಲಿ ಗಂಡಾಂತರ ಕಳೆಯಿತು.

ಅಂಗಿಯೇ ತಪ್ಪಿತಸ್ಥ ಎಂದು ಅಮ್ಮನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. “ಅಂದ್ರೆ ಇಷ್ಟು ದಿನ ಅದರ ಬಾಯಿಗೆ ಬಟ್ಟೆ ತುರುಕಿದ್ದು ನಾನೇನಾ?” ಎಂದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅಂಗಿಯನ್ನು ಮಡಿಸಿ ಸುಜಾತಳ ಕೈಗೆ ಕೊಟ್ಟು, “ಇಟ್ಕೊಳಮ್ಮ, ನಿನ್ನ ಪುಣ್ಯದ್ದು,” ಎಂದಳು.

ನಾನು ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಸುಜಾತ ಕೆಲಸಕ್ಕೆ ಕೂತ ಮೊದಲ ಶನಿವಾರ, ಶಾಲೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಒಳಗಿನ ರೂಮಿನಲ್ಲಿ ಅವಳ ದನಿ ಕೇಳುತ್ತಿತ್ತು. ಯಾರಿಗೋ ಬಾರ್ಡರಿನ ಬಗ್ಗೆ ಹೇಳುತ್ತಾ ನಗುತ್ತಿದ್ದಳು. ಹಾಲ್‌ನಲ್ಲಿ ಅಮ್ಮ ಕುರ್ಚಿಯನ್ನು ಗೂಡಿನ ಹತ್ತಿರಕ್ಕೆ ಎಳೆದುಕೊಂಡು, ಆ ಬರಿಮೈ ಡಬ್ಬಿಯ ಪಕ್ಕ ಕೂತಿದ್ದಳು. ಗೋಡೆಯಾಚೆ ಮಗ್ಗ ಓಡುತ್ತಿತ್ತು. ಅಮ್ಮ ಸೆರಗಿನ ತುದಿಯಿಂದ ಡಬ್ಬಿಯನ್ನು ಮೆಲ್ಲಗೆ ಒರೆಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸಿದಳು.

“ಏನಮ್ಮಾ ಇದು? ಬೆಳಗ್ಗೆಯಿಂದ ಇಲ್ಲೇ ಕೂತಿದೀಯಾ?”

“ಧೂಳು ಕೂರತ್ತೆ ಕಣೋ. ಒಳಗೆ ಅವಳು ಮಾತಾಡ್ತಿದಾಳಲ್ಲ.”

ನನ್ನ ಕಣ್ಣು ತಾನಾಗಿಯೇ ಅವಳ ಸೆರಗಿನ ಮೇಲೆ ಹೋಯಿತು. ಅಮ್ಮ ಅದನ್ನು ಗಮನಿಸಿ, ಸೆರಗನ್ನು ನನ್ನ ಮುಖದ ಹತ್ತಿರ ಹಿಡಿದು ತೋರಿಸಿದಳು.

“ನೂಲಿನ ಸೀರೆ ಕಣೋ. ಜರಿ ಇಲ್ಲ. ಹೆದರ್ಬೇಡ.”